ಗೊಣಗಾಟದಿಂದ ಕೆಲಸಕ್ಕೆ: ವಿಳಾಸ ತಪ್ಪಿದ ದೂರನ್ನು ದಾರಿಗೆ ತರುವ ಬಗೆ

ನಮ್ಮ ಮನೆಯ ಬೀರುವಿನ ಒಂದು ಬಾಗಿಲು ಏಳೆಂಟು ತಿಂಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಬೆಳಗ್ಗೆ ಬಟ್ಟೆ ತೆಗೆಯಲು ಹೋದರೆ ಬಾಗಿಲು ಕೆಳಕ್ಕೆ ಜಗ್ಗಿ ತಳದ ಹಲಗೆಗೆ ಉಜ್ಜುತ್ತಿತ್ತು. "ಈ ಮನೇಲಿ ಒಂದೂ ನೆಟ್ಟಗಿಲ್ಲ" ಅನ್ನುತ್ತಾ ಮೊಣಕಾಲಿಂದ ಒತ್ತಿ ಮುಚ್ಚುತ್ತಿದ್ದೆ. ಒಂದು ಭಾನುವಾರ ನೆಲದ ಮೇಲೆ ಕೂತು ಕಣ್ಣಿಟ್ಟು ನೋಡಿದೆ. ಮೇಲಿನ ಕೀಲಿನ ಎರಡು ಸ್ಕ್ರೂಗಳಲ್ಲಿ ಒಂದು ಸಡಿಲವಾಗಿತ್ತು, ಇನ್ನೊಂದು ಬಿದ್ದೇ ಹೋಗಿತ್ತು. ಸ್ಕ್ರೂಡ್ರೈವರ್ ಹುಡುಕಿದ್ದೂ ಸೇರಿ ಹತ್ತು ನಿಮಿಷದ ಕೆಲಸ. ಬಾಗಿಲು ಟಕ್ ಅಂತ ಕೂತಾಗ ಖುಷಿಗಿಂತ ಮೊದಲು ಒಂದು ಪ್ರಶ್ನೆ ಎದ್ದಿತು: ಇಷ್ಟು ತಿಂಗಳು ದಿನಾ ಹೇಳಿದ ಆ ಮಾತನ್ನು ಕೇಳಿಸಿಕೊಂಡವರು ಯಾರು? ಮನೆಯವರೆಲ್ಲ ಕೇಳಿಸಿಕೊಂಡಿದ್ದರು. ಆ ಕೀಲನ್ನು ದಿನಾ ಮುಟ್ಟುತ್ತಿದ್ದದ್ದು ಮಾತ್ರ ನಾನು.

ಅಂದಿನಿಂದ ಗೊಣಗಾಟ ಅಂದರೆ ನನಗೆ ವಿಳಾಸ ತಪ್ಪಿದ ಕಾಗದದ ಹಾಗೆ ಕಾಣುತ್ತದೆ. ಒಳಗೆ ಬರೆದ ವಿಷಯ ನಿಜವೇ ಇರುತ್ತದೆ. ಆದರೆ ಮುಟ್ಟಬೇಕಾದವರಿಗೆ ಮುಟ್ಟದೆ, ಹತ್ತು ಬಾಗಿಲು ತಟ್ಟಿ, ಮತ್ತೆ ನಮ್ಮ ಮನೆಗೇ ವಾಪಸು ಬರುತ್ತದೆ. ಹೀಗಾಗಿ "ಗೊಣಗಬೇಡ, ನಗ್ತಾ ಇರು" ಅನ್ನುವ ಉಪದೇಶ ನನಗೆ ಒಪ್ಪಿಗೆಯಿಲ್ಲ. ಕಾಗದ ಹರಿದು ಬಿಸಾಡಿದರೆ ಒಳಗಿನ ವಿಷಯವೂ ಅದರ ಜೊತೆಗೇ ಹೋಗುತ್ತದೆ. ತಿದ್ದಬೇಕಾದದ್ದು ವಿಳಾಸವನ್ನು. ಅದನ್ನು ಮಾಡುವ ಬಗೆ ಮುಂದಿದೆ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ, ಮೊದಲ ಹಂತಕ್ಕೇ ಒಂದು ವಾರ ಬೇಕು.

ಶುರು ಮಾಡುವ ಮುನ್ನ: ಇವು ಮೂರು ಬೇರೆ ಬೇರೆ

ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಪದವಿಲ್ಲದಿರುವುದು ಒಳ್ಳೆಯದೇ ಆಯಿತು. ನಾವು ದೂರು ಕೊಡುತ್ತೇವೆ, ಕಷ್ಟ ತೋಡಿಕೊಳ್ಳುತ್ತೇವೆ, ಗೊಣಗುತ್ತೇವೆ. ದೂರು ಕೊಡುವಾಗ ಎದುರಿಗಿರುವವರು ಅದನ್ನು ಸರಿಮಾಡಬಲ್ಲವರು. ತೋಡಿಕೊಳ್ಳುವಾಗ ಎದುರಿಗಿರುವವರು ನಮ್ಮವರು. ಅವರಿಂದ ಪರಿಹಾರ ಬೇಕಿಲ್ಲ, ಜೊತೆಗಿದ್ದರೆ ಸಾಕು. ಗೊಣಗುವಾಗ ಎದುರಿಗೆ ಯಾರಿದ್ದರೂ ನಡೆಯುತ್ತದೆ, ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಮೊದಲೆರಡನ್ನು ಬಿಡಬೇಡಿ, ಅವಿಲ್ಲದೆ ಬದುಕು ಸಾಗುವುದಿಲ್ಲ. ನಮ್ಮ ಕೆಲಸ ಮೂರನೆಯದರ ಜೊತೆ ಮಾತ್ರ.

ಮನಃಶಾಸ್ತ್ರಜ್ಞೆ ರಾಬಿನ್ ಕೊವಾಲ್ಸ್ಕಿ 1996ರಲ್ಲಿ ಈ ವಿಷಯದ ಮೇಲೆ ಬರೆದ ದೊಡ್ಡ ವಿಮರ್ಶಾ ಲೇಖನದಲ್ಲಿ ಒಂದು ಸೂಕ್ಷ್ಮ ಗುರುತಿಸಿದ್ದಾರೆ: ಅಸಮಾಧಾನ ಬೇರೆ, ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ. ಅಸಮಾಧಾನ ಇದ್ದೂ ಸುಮ್ಮನಿರುವವರಿದ್ದಾರೆ. ಅಷ್ಟೇನೂ ಅಸಮಾಧಾನ ಇಲ್ಲದೆಯೂ ಮಾತಿಗೆ ಮಾತು ಸೇರಿಸಲು, ಅನುಕಂಪ ಗಳಿಸಲು, ತಾವು ಸಾಮಾನ್ಯರಲ್ಲ ಎಂದು ತೋರಿಸಲು ದೂರುವವರೂ ಇದ್ದಾರೆ. ಹೊಸಬರ ಪರಿಚಯ ಎಷ್ಟೋ ಸಲ ಹವಾಮಾನ ಬೈಯುವುದರಿಂದಲೇ ಶುರುವಾಗುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ, ಅಂಥದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 1: ಒಂದು ವಾರ ಬರೀ ಬರೆದುಕೊಳ್ಳಿ

ಈ ವಾರ ಏನನ್ನೂ ಬದಲಾಯಿಸಬೇಡಿ. ಎಷ್ಟು ಬೇಕೋ ಅಷ್ಟು ಗೊಣಗಿ. ಗೊಣಗಿದ್ದು ಗಮನಕ್ಕೆ ಬಂದಾಗಲೆಲ್ಲ ಒಂದು ಸಣ್ಣ ಪುಸ್ತಕದಲ್ಲೋ ಫೋನಿನಲ್ಲೋ ನಾಲ್ಕು ಕಾಲಂ ಮಾಡಿ ನಾಲ್ಕು ಸಂಗತಿ ಗುರುತು ಹಾಕಿಕೊಳ್ಳಿ: ಆಡಿದ ಮಾತು (ಆಡಿದ ಹಾಗೇ), ಯಾರ ಮುಂದೆ ಆಡಿದಿರಿ, ಆ ವಿಷಯದಲ್ಲಿ ಅವರ ಕೈಲಿ ಏನಾದರೂ ಆಗುತ್ತದೆಯೇ, ಆಡಿದ ಮೇಲೆ ಮನಸ್ಸು ಹಗುರಾಯಿತೋ, ಇನ್ನೂ ಕುದಿಯಿತೋ. ಮಾತನ್ನು ತಿದ್ದಿ ಬರೆಯಬೇಡಿ. "ಕೆಲಸದ ಒತ್ತಡದ ಬಗ್ಗೆ ಮಾತಾಡಿದೆ" ಎಂದು ಬರೆದರೆ ಮುಂದೆ ಉಪಯೋಗವಿಲ್ಲ. "ನಾನೇನು ಇವರ ಜೀತದಾಳಾ" ಎಂದಿದ್ದರೆ ಅದನ್ನೇ ಬರೆಯಿರಿ.

ನನ್ನ ಮೊದಲ ವಾರದ ಪುಸ್ತಕದಲ್ಲಿ ಮೂವತ್ತೊಂದು ಸಾಲುಗಳಿದ್ದವು. ಅದರಲ್ಲಿ ಹನ್ನೊಂದು ಒಂದೇ ವಿಷಯ. ನಮ್ಮ ಕಚೇರಿಯಲ್ಲಿ ತಿಂಗಳ ವರದಿ ಸಿದ್ಧಮಾಡುವುದು ನನ್ನ ಕೆಲಸ, ಅದಕ್ಕೆ ಬೇಕಾದ ಅಂಕಿಗಳು ಇನ್ನೊಬ್ಬ ಸಹೋದ್ಯೋಗಿಯಿಂದ ಬರಬೇಕು. ಅವು ಯಾವಾಗಲೂ ಕೊನೇ ದಿನ ಸಂಜೆ ಬರುತ್ತಿದ್ದವು, ನಾನು ರಾತ್ರಿ ಕೂತು ಮುಗಿಸುತ್ತಿದ್ದೆ. ಈ ಸಂಗತಿಯನ್ನು ಒಂದು ವಾರದಲ್ಲಿ ಆರು ಜನರ ಮುಂದೆ ಹೇಳಿದ್ದೆ. ಎರಡನೇ ಕಾಲಂನಲ್ಲಿ ಆ ಆರು ಹೆಸರುಗಳ ಮೇಲೆ ಬೆರಳಾಡಿಸಿದೆ. ಅಂಕಿ ಕೊಡಬೇಕಾದವರ ಹೆಸರು ಅದರಲ್ಲಿರಲಿಲ್ಲ.

ನಿಮ್ಮ ಪುಸ್ತಕದಲ್ಲೂ ಹೀಗೊಂದು ಎರಡು ವಿಷಯ ಪದೇಪದೇ ಬಂದಿರುತ್ತವೆ. ಉಳಿದದ್ದು ಚಿಲ್ಲರೆ. ಹೆಚ್ಚಾಗಿ ಬಂದ ವಿಷಯವನ್ನು ಮಾತ್ರ ಮುಂದಿನ ಹಂತಗಳಿಗೆ ಎತ್ತಿಕೊಳ್ಳಿ. ಮೂವತ್ತನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ಅದೇ ಇನ್ನೊಂದು ಗೋಳಾಗುತ್ತದೆ.

ಹಂತ 2: ಕಕ್ಕಿದರೆ ಹಗುರಾಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಿ

"ಹೊಟ್ಟೆಯಲ್ಲಿ ಇಟ್ಕೋಬೇಡ, ಎಲ್ಲ ಹೊರಗೆ ಹಾಕಿಬಿಡು" ಎಂದು ಎಲ್ಲರೂ ಹೇಳುತ್ತಾರೆ. ನಾಲ್ಕನೇ ಕಾಲಂ ಏನು ಹೇಳುತ್ತದೆ ನೋಡಿ. ನನ್ನ ಪುಸ್ತಕದಲ್ಲಿ 'ಕುದಿಯಿತು' ಎಂಬುದೇ ಹೆಚ್ಚಿತ್ತು.

ಇದಕ್ಕೆ ಕಾರಣವಿದೆ. 2002ರಲ್ಲಿ ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕರು 600 ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಮೊದಲು ಅವರು ಬರೆದ ಪ್ರಬಂಧವನ್ನು ಹೀನಾಯವಾಗಿ ಟೀಕಿಸಿ ಸಿಟ್ಟು ಬರಿಸಲಾಯಿತು. ಆಮೇಲೆ ಒಂದು ಗುಂಪಿಗೆ, ಟೀಕಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿ ಎಂದರು. ಇನ್ನೊಂದು ಗುಂಪಿಗೆ ಮೈಗೆ ವ್ಯಾಯಾಮವಾಗುತ್ತಿದೆ ಎಂದುಕೊಳ್ಳುತ್ತಾ ಗುದ್ದಿ ಎಂದರು. ಮೂರನೇ ಗುಂಪು ಸುಮ್ಮನೆ ಕೂತಿತ್ತು. ಎಲ್ಲರಿಗಿಂತ ಹೆಚ್ಚು ಸಿಟ್ಟು ಉಳಿದದ್ದು ಬೈದವರನ್ನು ನೆನೆಯುತ್ತಾ ಗುದ್ದಿದವರಲ್ಲೇ. ಬೆಂಕಿ ಆರಲಿ ಎಂದು ಗಾಳಿ ಹಾಕಿದ ಹಾಗಾಯಿತು.

ಹಾಗಾದರೆ ಒಳಗಿರುವುದನ್ನು ಏನು ಮಾಡುವುದು? ಬರೆಯಿರಿ. ಜೇಮ್ಸ್ ಪೆನ್‌ಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ನೋವಿನ ಘಟನೆಗಳ ಬಗ್ಗೆ ದಿನಕ್ಕೆ 15 ನಿಮಿಷದಂತೆ ಸತತ 4 ದಿನ ಬರೆದರು. ಏನಾಯಿತು ಎಂಬುದರ ಜೊತೆಗೆ ತಮಗೆ ಏನನ್ನಿಸಿತು ಎಂಬುದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಬರೆದ ತಕ್ಷಣ ಮನಸ್ಸು ಭಾರವಾಗಬಹುದು, ಅವರಿಗೂ ಹಾಗೇ ಆಗಿತ್ತು. ಹೆದರಬೇಡಿ. ಬಾಯಲ್ಲಿ ಆಡಿದ ಮಾತು ಸುತ್ತಿ ಸುತ್ತಿ ಮೊದಲ ಸಾಲಿಗೇ ಬರುತ್ತದೆ. ಕಾಗದದ ಮೇಲೆ ಬರೆಯುತ್ತಾ ಹೋದರೆ ಎರಡನೇ ಪುಟದಲ್ಲಿ ಮೊದಲ ಪುಟದ ಮಾತನ್ನೇ ಬರೆಯಲು ಕೈಗೇ ಬೇಸರ. ಅಲ್ಲಿಂದ ಮುಂದೆ ಹೊಸತೇನೋ ಬರತೊಡಗುತ್ತದೆ.

ಬರೆಯುವಾಗ 'ನಾನು' ಬಿಟ್ಟು ನಿಮ್ಮ ಹೆಸರನ್ನೇ ಬಳಸಿ ನೋಡಿ, ನಿಮ್ಮನ್ನು ಬಲ್ಲ ಹಿರಿಯರೊಬ್ಬರು ಹೆಸರು ಕರೆದು ಕೇಳುವ ಹಾಗೆ: ಇವತ್ತು ಏನಾಯ್ತು ಹೇಳು, ಯಾವುದಕ್ಕೆ ಇಷ್ಟು ಬೇಜಾರು? ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹೀಗೆ ತಮ್ಮನ್ನು ಹೆಸರಿಟ್ಟು ಮಾತಾಡಿಸಿಕೊಂಡವರು ಒತ್ತಡದ ಗಳಿಗೆಯನ್ನು ಇನ್ನೂ ಸಮಾಧಾನದಿಂದ ನಿಭಾಯಿಸಿದರು. ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಮೂರನೇ ಸಲಕ್ಕೆ ಸಹಜವಾಗುತ್ತದೆ.

ಹಂತ 3: 'ಊ' ಮತ್ತು 'ಏ' ತೆಗೆಯಿರಿ

ಇದು ನಾನು ಅತಿ ಹೆಚ್ಚು ನಂಬುವ ಹಂತ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬರೆದುಕೊಂಡ ಮಾತುಗಳನ್ನು ಮತ್ತೆ ಓದಿ, ಪದಗಳ ಕೊನೆಗೆ ಕಣ್ಣಿಡಿ. ಯಾರೂ. ಯಾವತ್ತೂ. ಎಲ್ಲರೂ. ಒಂದೂ. ಕೇಳೋದೇ ಇಲ್ಲ. ಹೀಗೇ. ನಾನೇ. ಕನ್ನಡದಲ್ಲಿ ಗೊಣಗಾಟ ಈ ಎರಡು ಸಣ್ಣ ಬಾಲಗಳ ಮೇಲೆ ನಿಂತಿದೆ. 'ಊ' ಬಂದರೆ ಒಬ್ಬರ ತಪ್ಪು ಊರಿನ ತಪ್ಪಾಗುತ್ತದೆ, 'ಏ' ಬಂದರೆ ಒಂದು ದಿನದ ಸಂಗತಿ ಹಣೆಬರಹವಾಗುತ್ತದೆ. ಊರನ್ನಾಗಲಿ ಹಣೆಬರಹವನ್ನಾಗಲಿ ತಿದ್ದಲು ಯಾರಿಂದಾದೀತು? ಮಾತೇ ನಮ್ಮ ಕೈ ಕಟ್ಟಿಹಾಕುತ್ತದೆ.

ಆದ್ದರಿಂದ ಪ್ರತಿ ಸಾಲಿನ ಕೆಳಗೆ, ಬಾಲ ತೆಗೆದು, ನಡೆದದ್ದನ್ನಷ್ಟೇ ಮತ್ತೆ ಬರೆಯಿರಿ. ಕ್ಯಾಮೆರಾ ಇಟ್ಟಿದ್ದರೆ ಅದರಲ್ಲಿ ಏನು ಕಾಣುತ್ತಿತ್ತೋ ಅಷ್ಟು.

"ಯಾರೂ ನನ್ನ ಮಾತು ಕೇಳೋದೇ ಇಲ್ಲ" ಎಂಬುದು "ನಿನ್ನೆ ಸಭೆಯಲ್ಲಿ ನಾನು ಮಾತಾಡುವಾಗ ಇಬ್ಬರು ನಡುವೆ ಬಾಯಿ ಹಾಕಿದರು" ಆಗುತ್ತದೆ. "ಈ ಮನೆ ಕೆಲಸವೆಲ್ಲ ನನ್ನ ತಲೆಗೇ" ಎಂಬುದು "ಈ ವಾರ ಐದು ರಾತ್ರಿ ಪಾತ್ರೆ ತೊಳೆದದ್ದು ನಾನು" ಆಗುತ್ತದೆ. "ನನಗೆ ಯಾವತ್ತೂ ಹೀಗೇ ಆಗೋದು" ಎಂಬುದು "ಈ ವರ್ಷ ಎರಡು ಸಂದರ್ಶನಗಳಲ್ಲಿ ಎರಡನೇ ಸುತ್ತಿನಲ್ಲಿ ಬಿಟ್ಟುಹೋಯಿತು" ಆಗುತ್ತದೆ. ಹೊಸ ಸಾಲುಗಳು ಸಪ್ಪೆಯಾಗಿವೆ, ನಿಜ. ಆದರೆ ಅವುಗಳಲ್ಲಿ ಕೈ ಹಾಕಲು ಜಾಗವಿದೆ. ಐದು ರಾತ್ರಿ ಎಂದ ಕೂಡಲೇ ಅದು ಮೂರಾಗಬಹುದಲ್ಲ ಎಂಬ ಯೋಚನೆ ತಾನಾಗಿ ಬರುತ್ತದೆ.

ನನ್ನ ಸಾಲನ್ನೂ ಹೀಗೆ ಬರೆದೆ. ಆಡಿದ್ದ ಮಾತು: "ಅವರಿಗೆ ನಮ್ಮ ಕಷ್ಟ ಅರ್ಥವೇ ಆಗಲ್ಲ, ಯಾವಾಗಲೂ ಕೊನೇ ಗಳಿಗೇಲೇ ಕೊಡೋದು." ಬಾಲ ತೆಗೆಯಲು ಹಳೆಯ ಮೇಲ್‌ಗಳನ್ನು ತೆರೆದು ದಿನಾಂಕ ನೋಡಿದೆ. ಆರು ತಿಂಗಳಲ್ಲಿ ನಾಲ್ಕು ಸಲ ಕೊನೇ ದಿನ ಬಂದಿದ್ದವು, ಎರಡು ಸಲ ಒಂದು ದಿನ ಮುಂಚೆ. 'ಯಾವಾಗಲೂ' ಎಂದು ಆರು ಜನರ ಮುಂದೆ ಆಣೆ ಮಾಡಿದ ಹಾಗೆ ಹೇಳಿದ್ದೆ. ಆ ಎರಡು ತಿಂಗಳು ನನ್ನ ನೆನಪಿನಿಂದ ಅಳಿಸಿಹೋಗಿದ್ದವು. ಕೆಟ್ಟದ್ದು ಒಳ್ಳೆಯದಕ್ಕಿಂತ ಮನಸ್ಸಿಗೆ ಆಳವಾಗಿ ಅಂಟುತ್ತದೆ ಎಂಬುದನ್ನು ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೋರಿಸಿದ್ದರು. ನನಗೆ ಅದು ಅರ್ಥವಾದದ್ದು ಆ ಮೇಲ್‌ಗಳ ಮುಂದೆ.

ಸಾಲು ಸಪ್ಪೆಯಾದ ಮೇಲೆ ಇನ್ನೊಂದು ಕೆಲಸ. ಗೊಣಗಾಟದಲ್ಲಿ 'ಇಲ್ಲ' ಇರುತ್ತದೆ: ಕೇಳಲ್ಲ, ಕೊಡಲ್ಲ, ಮುಗಿಯಲ್ಲ. ಪ್ರತಿ 'ಇಲ್ಲ'ದ ಹಿಂದೆ ಒಂದು 'ಬೇಕು' ಅವಿತಿರುತ್ತದೆ. ಅದನ್ನು ಬರೆಯಿರಿ, ಅಳೆಯಲು ಬರುವ ಹಾಗೆ. "ಮರ್ಯಾದೆ ಬೇಕು" ಎಂದರೆ ಅದನ್ನು ಕೊಡಬೇಕಾದವರಿಗೆ ಏನು ಕೊಡಬೇಕೆಂದು ತಿಳಿಯುವುದಿಲ್ಲ. "ನನ್ನ ಮಾತು ಮುಗಿಯುವ ತನಕ ಎರಡು ನಿಮಿಷ ಬೇಕು" ಎಂದರೆ ತಿಳಿಯುತ್ತದೆ. ನನ್ನದು: ಅಂಕಿಗಳು ಎರಡು ದಿನ ಮುಂಚೆ ಬೇಕು.

ಈ 'ಬೇಕು' ಎಷ್ಟು ಯೋಚಿಸಿದರೂ ಸಿಗದಿದ್ದರೆ, ಅದು ಗೊಣಗಾಟವಲ್ಲ, ದಣಿವು. ಮಲಗಿ ಎದ್ದ ಮೇಲೆ ಮತ್ತೆ ನೋಡಿ.

ಹಂತ 4: ಯಾರ ಕೈಲಿದೆ?

ಈಗ ವಿಳಾಸ ಬರೆಯುವ ಹೊತ್ತು. ಆ 'ಬೇಕು' ನನ್ನ ಕೈಲಿದೆಯೇ, ಇನ್ನೊಬ್ಬರ ಕೈಲಿದೆಯೇ, ಯಾರ ಕೈಲೂ ಇಲ್ಲವೇ? ಉತ್ತರ ಸಾಮಾನ್ಯವಾಗಿ ಬೆರಕೆಯಾಗಿರುತ್ತದೆ, ಅಷ್ಟಷ್ಟು ಪಾಲು ಮಾಡಿ ಬರೆಯಿರಿ.

"ನನ್ನ ಕೈಲಿ ಏನಿದೆ ಬಿಡಿ" ಎಂದು ಮನಸ್ಸು ಥಟ್ಟನೆ ಹೇಳಿದರೆ ಆ ಮಾತನ್ನು ಕೂಡಲೇ ನಂಬಬೇಡಿ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ: ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಬಿದ್ದುಕೊಂಡೇ ಇದ್ದವು. ಅಸಹಾಯಕತೆಯನ್ನು ಅವು ಕಲಿತವು ಎಂದು ಆಗ ವಿವರಿಸಲಾಯಿತು. ಆದರೆ ಅರ್ಧ ಶತಮಾನದ ನಂತರ, 2016ರಲ್ಲಿ, ಮಿದುಳಿನ ಮೇಲಿನ ಹೊಸ ಸಂಶೋಧನೆಗಳನ್ನು ಮುಂದಿಟ್ಟುಕೊಂಡು ಅದೇ ಇಬ್ಬರೂ ತಮ್ಮ ವಿವರಣೆಯನ್ನು ತಿರುಗಿಸಿ ಬರೆದರು. ದೀರ್ಘಕಾಲ ಪೆಟ್ಟು ಬಿದ್ದಾಗ ಕೈಚೆಲ್ಲುವುದು ಕಲಿಕೆಯೇ ಅಲ್ಲ, ಅದು ದೇಹದ ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು 'ಇದರ ಮೇಲೆ ನನಗೆ ಹಿಡಿತವಿದೆ' ಎಂಬುದನ್ನು. ಅಂದರೆ ಕೈಚೆಲ್ಲಿ ಕೂತದ್ದಕ್ಕೆ ನಾಚಿಕೆಪಡಬೇಕಿಲ್ಲ, ಮತ್ತು ಹಿಡಿತ ಎಂಬುದು ಸಣ್ಣ ಸಣ್ಣ ಗೆಲುವುಗಳಿಂದ ಕಲಿಯಲು ಬರುವ ವಿದ್ಯೆ. ಬೀರುವಿನ ಸ್ಕ್ರೂ ಕೂಡ ಅದಕ್ಕೆ ಒಂದು ಪಾಠವಾದೀತು.

ಹಂತ 5: ಇನ್ನೊಬ್ಬರ ಕೈಲಿದ್ದರೆ, ಅವರನ್ನೇ ಕೇಳಿ

ಬಹುಪಾಲು ಜನ ನಿಲ್ಲುವುದು ಇಲ್ಲೇ. ಆರು ಜನರಿಗೆ ಹೇಳಲು ಇರುವ ಧೈರ್ಯ ಏಳನೆಯವರ ಮುಂದೆ ಬರುವುದಿಲ್ಲ, ಏಕೆಂದರೆ ಅವರು 'ಆಗಲ್ಲ' ಎನ್ನಬಹುದು.

ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಜಾನ್ ಗಾಟ್‌ಮನ್ ದೂರಿಗೂ ಖಂಡನೆಗೂ ಗೆರೆ ಎಳೆಯುತ್ತಾರೆ. ದೂರು ಒಂದು ನಡತೆಯ ಮೇಲೆ, ಖಂಡನೆ ಇಡೀ ವ್ಯಕ್ತಿಯ ಮೇಲೆ. "ನಿನ್ನೆ ತಡವಾಗುತ್ತೆ ಅಂತ ಫೋನ್ ಮಾಡಲಿಲ್ಲ, ನನಗೆ ಗಾಬರಿಯಾಯ್ತು" ಎಂಬುದು ದೂರು. "ನಿನಗೆ ಬೇರೆಯವರ ಚಿಂತೆಯೇ ಇಲ್ಲ" ಎಂಬುದು ಖಂಡನೆ. ಸಿಬಿಲ್ ಕ್ಯಾರೇರ್ ಜೊತೆ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ನವದಂಪತಿಗಳ ಜಗಳದ ಮಾತುಕತೆಯ ಮೊದಲ 3 ನಿಮಿಷ ನೋಡಿಯೇ, ಮುಂದೆ ಯಾರು ಬೇರೆಯಾಗಬಹುದು ಎಂಬ ಸುಳಿವು ಸಿಗುತ್ತಿತ್ತು. ಮಾತು ಶುರುವಾಗುವ ರೀತಿಗೆ ಅಷ್ಟು ತೂಕವಿದೆ.

ಕೇಳುವಾಗ ಮೂರು ಸಂಗತಿ ಇರಲಿ: ನಡೆದದ್ದು, ಅದರಿಂದ ನನಗೆ ಆದದ್ದು, ನನಗೆ ಬೇಕಾದದ್ದು. ಮೂರೂ ಸೇರಿ ಅರ್ಧ ನಿಮಿಷ ದಾಟಬಾರದು. ಆಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಬೇಕು, ಇದೇ ಕಷ್ಟದ ಭಾಗ. ಎಲ್ಲರೆದುರು ಬೇಡ. ಸಿಟ್ಟು ನೆತ್ತಿಗೇರಿದ ದಿನವೂ ಬೇಡ. ಮೆಸೇಜಿಗಿಂತ ಮುಖ ನೋಡಿ ಆಡುವುದು ಮೇಲು, ಆಗದಿದ್ದರೆ ಫೋನ್.

ನಾನು ಒಂದು ಮಧ್ಯಾಹ್ನ ಅಂಕಿ ಕೊಡುವ ಆ ಸಹೋದ್ಯೋಗಿಯ ಮೇಜಿನ ಬಳಿ ಹೋದೆ. ಗಂಟಲು ಒಣಗಿತ್ತು.

"ಒಂದೆರಡು ನಿಮಿಷ ಇದೆಯಾ? ತಿಂಗಳ ವರದಿ ವಿಷಯ. ಕಳೆದ ಆರು ತಿಂಗಳಲ್ಲಿ ನಾಲ್ಕು ಸಲ ಅಂಕಿಗಳು ಕೊನೇ ದಿನ ಸಂಜೆ ಬಂದವು. ಆ ನಾಲ್ಕೂ ಸಲ ನಾನು ಮಧ್ಯರಾತ್ರಿವರೆಗೆ ಕೂತೆ, ಎರಡು ಸಲ ತಪ್ಪೂ ಆಯ್ತು. ಎರಡು ದಿನ ಮುಂಚೆ ಕೊಡೋಕೆ ಆಗುತ್ತಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಇಷ್ಟು ದಿನ ಹೇಳಲೇ ಇಲ್ಲವಲ್ಲ? ನನಗೂ ಒಂದು ವಿಭಾಗದಿಂದ ಅಂಕಿ ಬರೋದೇ ಕೊನೇ ದಿನ. ಅದಕ್ಕೆ ಎಲ್ಲಾ ಸೇರಿಸಿ ಕಳಿಸ್ತೀನಿ. ಉಳಿದದ್ದು ನನ್ನ ಹತ್ರ ನಾಲ್ಕು ದಿನ ಮುಂಚೆಯೇ ರೆಡಿ ಇರುತ್ತೆ."

ನಾಲ್ಕು ದಿನ ಮುಂಚೆ. ನಾನು ರಾತ್ರಿ ನಿದ್ದೆಗೆಟ್ಟು ಮಾಡುತ್ತಿದ್ದ ಕೆಲಸದ ಮುಕ್ಕಾಲು ಪಾಲು ಅವರ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕೂತಿತ್ತು. ಅಂದಿನಿಂದ ಎರಡು ಕಂತಿನಲ್ಲಿ ಬರುತ್ತದೆ. ಕೊನೆಯ ಕಂತು ಈಗಲೂ ಕೊನೇ ದಿನವೇ, ಅದು ಪೂರ್ತಿ ಸರಿಹೋಗಿಲ್ಲ. ಆದರೆ ಅದು ಒಂದು ಗಂಟೆಯ ಕೆಲಸ.

ನಿಮಗೆ 'ಆಗಲ್ಲ' ಎಂಬ ಉತ್ತರ ಬರಬಹುದು. ಆಗ ಎರಡು ಪ್ರಶ್ನೆ ಕೇಳಿ: "ಎಷ್ಟು ಆಗುತ್ತೆ?" ಮತ್ತು "ಇದನ್ನ ಯಾರ ಹತ್ರ ಕೇಳಿದರೆ ಆಗುತ್ತೆ?" ಎರಡನೆಯ ಉತ್ತರವೇ ಹೊಸ ವಿಳಾಸ. ಕಚೇರಿಗೋ ಸಂಸ್ಥೆಗೋ ದೂರು ಕೊಡುವುದಾದರೆ ಬರಹದಲ್ಲೇ ಕೊಡಿ. ದಿನಾಂಕ, ನಡೆದದ್ದು, ಬೇಕಾದದ್ದು, ಉತ್ತರ ಬೇಕಾದ ದಿನ ಅದರಲ್ಲಿರಲಿ, ಪ್ರತಿ ನಿಮ್ಮ ಬಳಿ ಉಳಿಯಲಿ.

ಹಂತ 6: ನನ್ನ ಕೈಲಿದ್ದರೆ, ಹೊತ್ತು ಗೊತ್ತುಮಾಡಿ

"ನಾಳೆಯಿಂದ ಸರಿಯಾಗ್ತೀನಿ" ಎಂಬ ಸಂಕಲ್ಪಕ್ಕೆ ಕಾಲಿಲ್ಲ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಃಶಾಸ್ತ್ರಜ್ಞರು ಹೇಳುವ ಉಪಾಯ ಸರಳ: 'ಹೀಗಾದಾಗ, ಹೀಗೆ ಮಾಡುತ್ತೇನೆ' ಎಂಬ ಅಚ್ಚಿನಲ್ಲಿ ಬರೆಯಿರಿ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಗಳಿಗೆಯನ್ನೂ ಕ್ರಿಯೆಯನ್ನೂ ಜೋಡಿಸಿಕೊಂಡವರು ಗುರಿ ಮುಟ್ಟಿದ್ದು ಸ್ಪಷ್ಟವಾಗಿ ಹೆಚ್ಚು. "ವ್ಯಾಯಾಮ ಮಾಡಬೇಕು" ಎಂದು ಬರೆಯಬೇಡಿ. "ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಶೂ ಹಾಕಿಕೊಂಡು ಬಾಗಿಲಾಚೆ ಹೋಗುತ್ತೇನೆ" ಎಂದು ಬರೆಯಿರಿ. ಮೊದಲ ಹೆಜ್ಜೆ ಹತ್ತು ನಿಮಿಷಕ್ಕಿಂತ ದೊಡ್ಡದಿದ್ದರೆ ಅದನ್ನು ಮುರಿದು ಸಣ್ಣದು ಮಾಡಿ.

ಇದೇ ಅಚ್ಚು ಗೊಣಗಾಟಕ್ಕೂ ಸಲ್ಲುತ್ತದೆ. ನಾನು ಫೋನಿನ ಹಿಂಬದಿ ಚೀಟಿ ಅಂಟಿಸಿಕೊಂಡಿದ್ದ ಸಾಲು ಇದು: "ಬಾಯಲ್ಲಿ 'ಯಾವಾಗಲೂ' ಬಂದಾಗ, ನಿಲ್ಲಿಸಿ, ಕೊನೇ ಸಲ ಯಾವತ್ತು ಆಯಿತೆಂದು ಹೇಳುತ್ತೇನೆ."

ಒಳ್ಳೆಯದನ್ನೇ ಕಲ್ಪಿಸಿಕೊಳ್ಳಿ, ಒಳ್ಳೆಯದೇ ಆಗುತ್ತದೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಗೇಬ್ರಿಯಲ್ ಓಟಿಂಗೆನ್ 1991ರಲ್ಲಿ ಥಾಮಸ್ ವಾಡೆನ್ ಜೊತೆ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರನ್ನು ಗಮನಿಸಿದರು. ಇಳಿಸಬಲ್ಲೆ ಎಂಬ ಭರವಸೆ ಇದ್ದವರು ಹೆಚ್ಚು ತೂಕ ಇಳಿಸಿದರು; ತೆಳ್ಳಗಾದ ಹಾಗೆ ಸವಿಗನಸು ಕಂಡವರು ಕಡಿಮೆ ಇಳಿಸಿದರು. ಕನಸಿನಲ್ಲೇ ಊರು ಸೇರಿದವರಿಗೆ ನಡೆಯುವ ಅವಸರ ಇರುವುದಿಲ್ಲ. ಬೇಕಾದದ್ದನ್ನು ನೆನೆದ ಕೂಡಲೇ ಅಡ್ಡಬರುವುದನ್ನೂ ನೆನೆಯಿರಿ ಎಂಬುದು ಅವರ ಸಲಹೆ. ನಾನು ಸಕಾರಾತ್ಮಕ ಮನಸ್ಸು ಅನ್ನುವುದು ಇದಕ್ಕೇ: ಅಡ್ಡಿಯನ್ನು ಕಣ್ಣಾರೆ ನೋಡಿಯೂ ಹೆಜ್ಜೆ ಎತ್ತುವುದಕ್ಕೆ.

ಹಂತ 7: ಯಾರ ಕೈಲೂ ಇಲ್ಲದ್ದು

ಮನೆಯವರಿಗೆ ವಾಸಿಯಾಗದ ಕಾಯಿಲೆ. ಹೋದವರು. ಕಳೆದುಹೋದ ವರ್ಷಗಳು. ಇವುಗಳ ಮುಂದೆ "ಏನಾದರೂ ಮಾಡು" ಎನ್ನುವುದು ಕ್ರೌರ್ಯ. ಇವನ್ನು ಗೊಣಗಾಟದ ಪುಸ್ತಕದಿಂದ ತೆಗೆದು ತೋಡಿಕೊಳ್ಳುವ ಕಡೆ ಇಡಿ. ನಿಮ್ಮವರು ಎನ್ನಿಸುವ ಒಬ್ಬಿಬ್ಬರನ್ನು ಆರಿಸಿ, ಅವರಿಗೆ ಮೊದಲೇ ಹೇಳಿ: "ಪರಿಹಾರ ಬೇಡ, ಸುಮ್ಮನೆ ಕೇಳಿಸಿಕೊಂಡರೆ ಸಾಕು."

ದಿನವಿಡೀ ಅದೇ ತಲೆಯಲ್ಲಿ ಸುತ್ತುತ್ತಿದ್ದರೆ, ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಒಂದು ಕ್ರಮವಿದೆ. ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು ಮೀಸಲಿಡುವುದು. ಬೇರೆ ಹೊತ್ತಲ್ಲಿ ಚಿಂತೆ ಬಂದರೆ "ಸಂಜೆ ನಿನಗೆ ಸಮಯ ಇಟ್ಟಿದ್ದೇನೆ" ಎಂದು ಮುಂದೂಡಿ ಕೈಲಿರುವ ಕೆಲಸಕ್ಕೆ ಮರಳುವುದು. ಮಲಗುವ ಜಾಗದಲ್ಲಿ, ಮಲಗುವ ಹೊತ್ತಲ್ಲಿ ಬೇಡ.

ದೊಡ್ಡ ಸಂಗತಿ ಯಾರ ಕೈಲೂ ಇಲ್ಲದಿದ್ದರೂ ಅದರ ಅಂಚಿನಲ್ಲಿ ಕೈಗೆಟಕುವ ಸಣ್ಣದೇನಾದರೂ ಇರುತ್ತದೆ. ಕಾಯಿಲೆ ನಮ್ಮ ಕೈಲಿಲ್ಲ. ಹಾಸಿಗೆಯ ಪಕ್ಕದ ದೀಪ ಕಣ್ಣಿಗೆ ಹೊಡೆಯದ ಹಾಗೆ ತಿರುಗಿಸುವುದು ಇದೆ.

ಬೇರೆಯವರು ಗೊಣಗುವಾಗ

ಗೆಳೆಯರಿಬ್ಬರು ಕೂತು ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಜಗಿಯುವುದನ್ನು ಅಮಾಂಡಾ ರೋಸ್ 2002ರಲ್ಲಿ ಮಕ್ಕಳು ಮತ್ತು ಹದಿಹರೆಯದವರಲ್ಲಿ ಅಧ್ಯಯನ ಮಾಡಿದರು. ಹಾಗೆ ಮಾಡುವವರ ಸ್ನೇಹ ಹೆಚ್ಚು ಗಾಢವಾಗಿತ್ತು, ಜೊತೆಗೆ ಖಿನ್ನತೆ ಆತಂಕಗಳ ಲಕ್ಷಣಗಳೂ ಹೆಚ್ಚಿದ್ದವು. ಇದರಿಂದ ಹೊರಬರುವುದು ಏಕೆ ಕಷ್ಟ ಎಂಬುದು ಇಲ್ಲೇ ಇದೆ: ಗೊಣಗಾಟ ಬಿಟ್ಟರೆ ಗೆಳೆತನವೇ ಹೋದೀತೆಂಬ ಭಯ.

ಗೆಳೆತನ ಉಳಿಸಿಕೊಂಡೇ ದಾರಿ ಬದಲಿಸಬಹುದು. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಕೇಳಿ: "ನಾನು ಬರೀ ಕೇಳಿಸಿಕೊಳ್ಳಲಾ, ಇಲ್ಲಾ ಇಬ್ಬರೂ ಸೇರಿ ಏನಾದರೂ ಯೋಚನೆ ಮಾಡೋಣವಾ?" ಎರಡರಲ್ಲಿ ಯಾವುದು ಎಂದರೂ ಅದರಂತೆ ನಡೆಯಿರಿ. ಅವರ ಮುಂದೆ ಈ ಲೇಖನದ ಹಂತಗಳನ್ನು ಬೋಧಿಸಬೇಡಿ. 'ಊ', 'ಏ' ಎಣಿಸುವುದು ನಮ್ಮ ಮಾತಿನಲ್ಲಿ ಮಾತ್ರ.

ಬಾಯಿ ಮುಚ್ಚಬಾರದ ಕಡೆ

ಹೊಡೆತ, ಕಿರುಕುಳ, ದುಡಿದ ಹಣ ಕೊಡದಿರುವುದು, ಜೀವಕ್ಕೆ ಅಪಾಯವಿರುವ ಕೆಲಸದ ಜಾಗ: ಇವುಗಳ ವಿರುದ್ಧ ಎದ್ದ ದನಿಗೆ ಯಾರಾದರೂ "ಪಾಸಿಟಿವ್ ಆಗಿ ಯೋಚಿಸಿ" ಎಂದರೆ, ದಯವಿಟ್ಟು ಕಿವಿಗೊಡಬೇಡಿ. ಇಲ್ಲಿ ದನಿ ಇನ್ನೂ ಜೋರಾಗಬೇಕು, ಸರಿಯಾದ ಅಧಿಕಾರಿಯ ಕಿವಿಗೆ ಬೀಳಬೇಕು, ಸಾಧ್ಯವಾದರೆ ಹತ್ತು ಜನರ ಜೊತೆ ಸೇರಿ. ಮೈಯಲ್ಲಿ ನೋವಿದ್ದರೆ ವೈದ್ಯರ ಮುಂದೆ ಒಂದನ್ನೂ ಬಿಡದೆ ಹೇಳಿ, ಅಲ್ಲಿ ಸಂಕೋಚಪಟ್ಟರೆ ನಷ್ಟ ನಿಮಗೆ. ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಕೆಟ್ಟು, ಎರಡು ವಾರ ಮೀರಿ ಮನಸ್ಸು ಮೇಲೇಳದಿದ್ದರೆ ಅದು ಅಭ್ಯಾಸದ ಸಮಸ್ಯೆಯಲ್ಲ. ಅದಕ್ಕೆ ಪುಸ್ತಕ ಪೆನ್ನು ಸಾಲದು, ಮನೋವೈದ್ಯರನ್ನು ಕಾಣಿ. ಬದುಕು ಬೇಡವೆನ್ನಿಸಿದರೆ ಒಂದು ದಿನವೂ ಕಾಯಬೇಡಿ, ಅಂದೇ ಯಾರಿಗಾದರೂ ಹೇಳಿ.

ಎಷ್ಟು ದಿನ ಹಿಡಿಯುತ್ತದೆ

21 ದಿನದಲ್ಲಿ ಅಭ್ಯಾಸ ಬದಲಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಕಂಡುಕೊಂಡದ್ದು ಬೇರೆ: ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ; ವ್ಯಕ್ತಿಯ ಮೇಲೆ, ಅಭ್ಯಾಸದ ಮೇಲೆ ಅದು 18ರಿಂದ 254 ದಿನಗಳವರೆಗೂ ಹರಡಿತ್ತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಆದ್ದರಿಂದ ಒಂದು ಇಡೀ ದಿನ ಗೊಣಗಿ ಕಳೆದರೆ ಮೊದಲಿನಿಂದ ಎಣಿಕೆ ಶುರು ಮಾಡಬೇಡಿ. ಪುಸ್ತಕ ತೆರೆದು ಮುಂದಿನ ಸಾಲಿಗೆ ಹೋಗಿ. ತಿಂಗಳಿಗೊಮ್ಮೆ ಒಂದು ವಾರ ಮತ್ತೆ ಹಂತ 1 ಮಾಡಿದರೆ ಸಾಕು.

ಈ ತಿಂಗಳ ವಾರದಲ್ಲಿ ನನ್ನ ಪುಸ್ತಕದಲ್ಲಿ ಒಂಬತ್ತು ಸಾಲುಗಳಿವೆ. ಒಂದು ಮೂರು ಸಲ ಬಂದಿದೆ: "ತಮ್ಮ ಒಂದು ಫೋನೂ ಮಾಡೋದೇ ಇಲ್ಲ." ಅದರ ಕೆಳಗೆ ನಿನ್ನೆ ರಾತ್ರಿ ಬಾಲ ತೆಗೆದು ಬರೆದಿದ್ದೇನೆ: ಎರಡು ತಿಂಗಳಿಂದ ನಾವಿಬ್ಬರು ಮಾತಾಡಿಲ್ಲ. ಅವನ ದನಿ ಕೇಳಬೇಕು. ಇವತ್ತು ಊಟವಾದ ಕೂಡಲೇ ನಾನು ಮಾಡುತ್ತೇನೆ.